ಇ-ಸೈಕಲ್‌ಗೆ ಸಿವಿಟಿ ಕೂರಿಸುವ ಮುಂಚೆ ಮೋಟಾರ್ ಎಲ್ಲಿದೆ ನೋಡಿ

[ದೃಶ್ಯ: ಕೆಂಪು ದೀಪ. ಸವಾರ ಒಂದು ಕಾಲು ಊರಿ ನಿಂತಿದ್ದಾನೆ.]

ಜೋರಾಗಿ ಬರುತ್ತಿದ್ದಿರಿ. ಸಿಗ್ನಲ್ ಕೆಂಪಾಯಿತು, ಬ್ರೇಕ್ ಹಿಡಿದು ನಿಂತಿರಿ. ಗೇರ್ ಇಳಿಸುವುದು ಮರೆತೇಹೋಯಿತು. ಈಗ ಹಸಿರು ಬಂತು. ಪೆಡಲ್ ಮೇಲೆ ಎದ್ದು ನಿಂತರೂ ಸೈಕಲ್ ಅಲ್ಲಾಡುವುದಿಲ್ಲ. ಚೈನನ್ನು ಪಕ್ಕಕ್ಕೆ ತಳ್ಳಿ ಗೇರ್ ಬದಲಿಸುವ ಡಿರೇಲರ್ ಇರುವ ಸೈಕಲ್ಲಿನಲ್ಲಿ ಪೆಡಲ್ ತುಳಿಯುತ್ತಿದ್ದರೆ ಮಾತ್ರ ಚೈನ್ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟುತ್ತದೆ. ನಿಂತ ಮೇಲೆ ಗತಿಯಿಲ್ಲ.

ಸಿವಿಟಿ ಹಬ್, ಅಂದರೆ ಹಿಂದಿನ ಚಕ್ರದ ನಡುವೆ ಕೂತು ಮೆಟ್ಟಿಲಿಲ್ಲದೆ ಗೇರ್ ಬದಲಿಸುವ ಡಬ್ಬಿ, ಇದ್ದರೆ ನಿಂತಲ್ಲೇ ಹಿಡಿಕೆ ತಿರುಗಿಸಿದರಾಯಿತು. ಒಂದು, ಎರಡು, ಮೂರು ಅಂತ ಗೇರುಗಳೇ ಇಲ್ಲ. ರೇಡಿಯೊದ ವಾಲ್ಯೂಮ್ ಇದ್ದ ಹಾಗೆ. ಮೊದಲ ವಾರ ಬೆರಳುಗಳು ಸುಮ್ನೆ 'ಕಟಕ್' ಅನ್ನುವ ಸದ್ದಿಗೆ ಹುಡುಕಾಡುತ್ತವೆ, ಅಷ್ಟೇ.

ಒಳಗೆ ಏನಿದೆ?

[ದೃಶ್ಯ: ಓರೆಯಾಗಿ ನಿಂತ ಗ್ಲೋಬ್ ತಿರುಗುತ್ತಿದೆ.]

ಒಂದು ಗ್ಲೋಬ್ ತಗೊಳ್ಳಿ. ನಡುವಿನ ರೇಖೆ ದೊಡ್ಡ ವೃತ್ತ, ಧ್ರುವದ ಹತ್ತಿರದ್ದು ಪುಟ್ಟ ವೃತ್ತ. ಹಬ್‌ನೊಳಗೆ ಇಂಥ ಉಕ್ಕಿನ ಗುಂಡುಗಳು ಸುತ್ತಲೂ ಕೂತಿರುತ್ತವೆ. ಪ್ರತಿ ಗುಂಡಿಗೂ ನಡುವೆ ಒಂದು ಕಡ್ಡಿ. ಎಡಗಡೆಯಿಂದ ಒಂದು ಬಳೆ, ಬಲಗಡೆಯಿಂದ ಇನ್ನೊಂದು ಬಳೆ ಗುಂಡನ್ನು ಒತ್ತಿ ಹಿಡಿದಿರುತ್ತವೆ. ಒಂದು ಬಳೆಯನ್ನು ಚೈನ್ ತಿರುಗಿಸುತ್ತದೆ, ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ.

ಕಡ್ಡಿ ನೆಟ್ಟಗಿದ್ದರೆ ಎರಡೂ ಬಳೆ ಒಂದೇ ವೇಗ. ಕಡ್ಡಿ ಓರೆಯಾದರೆ ಒಂದು ಬಳೆ ಪುಟ್ಟ ವೃತ್ತದ ಮೇಲೆ, ಇನ್ನೊಂದು ದೊಡ್ಡ ವೃತ್ತದ ಮೇಲೆ ಕೂರುತ್ತದೆ. ಚೈನ್ ಕಡೆಯದು ಪುಟ್ಟದರ ಮೇಲಿದ್ದರೆ ಚಕ್ರಕ್ಕೆ ವೇಗ ಜಾಸ್ತಿ. ತಿರುವುಮುರುವಾದರೆ ವೇಗ ಕಡಿಮೆ, ಬಲ ಜಾಸ್ತಿ. ನೀವು ಹಿಡಿಕೆ ತಿರುಗಿಸಿದಾಗ ಆಗುವುದು ಇಷ್ಟೇ: ಕಡ್ಡಿಗಳೆಲ್ಲ ಒಟ್ಟಿಗೆ ವಾಲುತ್ತವೆ.

ಹಲ್ಲೇ ಇಲ್ಲ, ಹಾಗಾದರೆ ಜಾರುವುದಿಲ್ಲವಾ? ನನಗೆ ತುಂಬ ಇಷ್ಟವಾದ ಭಾಗ ಇದು. ಒಳಗಿರುವುದು ಮಾಮೂಲಿ ಎಣ್ಣೆಯಲ್ಲ, ಟ್ರಾಕ್ಷನ್ ಫ್ಲೂಯಿಡ್. ಗುಂಡು ಮತ್ತು ಬಳೆ ಸೇರುವ ಜಾಗದ ಭಾರೀ ಒತ್ತಡಕ್ಕೆ ಅದು ಕ್ಷಣಮಾತ್ರ ಗಾಜಿನಂತೆ ಗಟ್ಟಿಯಾಗಿ ಬಲವನ್ನು ದಾಟಿಸುತ್ತದೆ. ಒತ್ತಡ ತಪ್ಪಿದೊಡನೆ ಮತ್ತೆ ದ್ರವ. ಹಾಗಾಗಿ ಹಬ್ ಬಿಚ್ಚಿ ಮನೆಯಲ್ಲಿದ್ದ ಎಣ್ಣೆ ಸುರಿಯುವ ಸಾಹಸ ಬೇಡ.

ಈ ಹಬ್ ನುವಿಂಚಿ ಅನ್ನುವ ಹೆಸರಿನಲ್ಲಿ ಬಂತು. ಈಗ ಎನ್ವಿಯೋಲೊ ಅನ್ನುತ್ತಾರೆ.

ಸ್ಕೂಟರ್‌ನಲ್ಲೂ ಸಿವಿಟಿ ಇದೆ, ಅದನ್ನೇ ಕಳಚಿ ಹಾಕಬಹುದಲ್ವಾ? ಆಗದು. ಅಲ್ಲಿ ಎಂಜಿನ್ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗಿದಾಗ ರೋಲರ್‌ಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲೆತ್ತುತ್ತವೆ. ನಮ್ಮ ಕಾಲು ತುಳಿಯುವುದು ನಿಮಿಷಕ್ಕೆ 60ರಿಂದ 90 ಸುತ್ತು. ರೋಲರ್ ಮಿಸುಕುವುದೂ ಇಲ್ಲ.

[ದೃಶ್ಯ: ಮೂರು ಸೈಕಲ್. ಮೋಟಾರ್ ಹಿಂದೆ, ಮುಂದೆ, ನಡುವೆ.]

ಈಗ ಮುಖ್ಯ ಪ್ರಶ್ನೆ. ನಿಮ್ಮ ಮೋಟಾರ್ ಎಲ್ಲಿದೆ?

ಹಿಂದಿನ ಚಕ್ರದಲ್ಲಿದ್ದರೆ ಕಥೆ ಮುಗಿಯಿತು. ಆ ಜಾಗದಲ್ಲೇ ಸಿವಿಟಿ ಕೂರಬೇಕು. ಮುಂದಿನ ಚಕ್ರದಲ್ಲಿದ್ದರೆ ಹಾಕಬಹುದು, ಆದರೆ ಸುಖ ನಿಮ್ಮ ಕಾಲಿಗೆ ಮಾತ್ರ. ಮೋಟಾರ್ ತನ್ನ ಚಕ್ರವನ್ನು ನೇರವಾಗಿ ತಿರುಗಿಸುತ್ತದೆ, ಗೇರಿನ ಪರಿಚಯವೇ ಅದಕ್ಕಿಲ್ಲ. ಏರಿನಲ್ಲಿ ನಿಧಾನವಾದಂತೆ ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡರಷ್ಟಾದರೆ ತಂತಿಯ ಬಿಸಿ ನಾಲ್ಕರಷ್ಟು.

ಸಿವಿಟಿಗೆ ಸರಿಯಾದ ಜೋಡಿ ಅಂದರೆ ಪೆಡಲ್ ಹತ್ತಿರ ಕೂರುವ ಮಿಡ್-ಡ್ರೈವ್. ಅದರ ಬಲ ಚೈನ್ ಮೂಲಕವೇ ಹಿಂದಕ್ಕೆ ಹೋಗುತ್ತದೆ. ಏರು ಬಂದಾಗ ಹಿಡಿಕೆ ತಿರುಗಿಸಿದರೆ ಕಾಲೂ ಮೋಟಾರೂ ತಮಗೆ ಒಗ್ಗುವ ವೇಗದಲ್ಲೇ ತಿರುಗುತ್ತಿರುತ್ತವೆ.

ಸ್ವಲ್ಪ ಲೆಕ್ಕ ಮಾಡೋಣ. ಮುಂದೆ 40 ಹಲ್ಲು, ಹಿಂದೆ 20. ಚಕ್ರದ ಸುತ್ತಳತೆ 2.1 ಮೀಟರ್. ನುವಿಂಚಿಯ ಎನ್380 ಹಬ್‌ನ ಅನುಪಾತ, ಅಂದರೆ ಹಿಂದಿನ ಹಲ್ಲುಚಕ್ರದ ಒಂದು ಸುತ್ತಿಗೆ ಚಕ್ರ ತಿರುಗುವ ಸುತ್ತು, 0.5ರಿಂದ 1.9. ನಿಮಿಷಕ್ಕೆ 70 ಸುತ್ತು ತುಳಿದರೆ ಕೆಳಗಿನ ತುದಿಯಲ್ಲಿ ಗಂಟೆಗೆ ಸುಮಾರು 9 ಕಿಲೋಮೀಟರ್, ಮೇಲಿನ ತುದಿಯಲ್ಲಿ ಸುಮಾರು 33.5. ದಿನದ ಓಡಾಟಕ್ಕೆ ಸಾಕಷ್ಟಾಯಿತು.

ಕಡಿದಾದ ಏರಿಗೆ ಇನ್ನೂ ಸುಲಭವಾಗಲಿ ಅಂತ ಹಿಂದೆ ದೊಡ್ಡ ಹಲ್ಲುಚಕ್ರ ಹಾಕುವ ಆಸೆ ಬರುತ್ತದೆ. ತಡೆಯಿರಿ. 80 ಕಿಲೋ ತೂಕದವರು 170 ಮಿಲಿಮೀಟರ್ ಕ್ರ್ಯಾಂಕ್‌ನ (ಪೆಡಲ್ ಹಿಡಿದಿರುವ ತೋಳು) ಪೆಡಲ್ ಮೇಲೆ ನಿಂತರೆ ಸುಮಾರು 133 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಮೋಟಾರ್ 80 ಸೇರಿಸಿದರೆ ಒಟ್ಟು 213. 40ಕ್ಕೆ 20 ಇದ್ದರೆ ಹಬ್‌ಗೆ ತಲುಪುವುದು ಅದರ ಅರ್ಧ, ಸುಮಾರು 107. ಅದೇ 36ಕ್ಕೆ 24 ಮಾಡಿದರೆ 142. ಹಲ್ಲಿಲ್ಲದ ಹಬ್‌ಗೆ ಈ ವ್ಯತ್ಯಾಸ ಸಣ್ಣದಲ್ಲ. ಮಿತಿ ಮೀರಿದರೆ ಗುಂಡು ಜಾರುತ್ತದೆ, ಜಾರಿದ ಜಾಗ ಸವೆಯುತ್ತದೆ. ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ತಯಾರಕರು ಕೊಟ್ಟ ಕನಿಷ್ಠ ಅನುಪಾತ ಓದಿ, ಆಮೇಲೆ ಹಲ್ಲು ಎಣಿಸಿ.

[ದೃಶ್ಯ: ಫ್ರೇಮ್‌ನ ಹಿಂಭಾಗ, ಅಳತೆ ಪಟ್ಟಿ.]

ಕೂರಿಸುವ ಕೆಲಸ ಅಷ್ಟೇನೂ ಕಷ್ಟವಲ್ಲ. ಫ್ರೇಮ್‌ನಲ್ಲಿ ಹಿಂದಿನ ಹಬ್ ಕೂರುವ ಜಾಗ 135 ಮಿಲಿಮೀಟರ್ ಅಗಲ ಇರಬೇಕು. ಉಕ್ಕಿನ ಫ್ರೇಮ್ ಆದರೆ ಸ್ವಲ್ಪ ಎಳೆದು ಹೊಂದಿಸುವವರಿದ್ದಾರೆ, ಅಲ್ಯೂಮಿನಿಯಂನಲ್ಲಿ ಆ ಕೆಲಸ ಮಾಡಬೇಡಿ, ಬಿರುಕು ಬಿಡುತ್ತದೆ. ಹಬ್ ದಪ್ಪಗಿರುವುದರಿಂದ ಚಕ್ರದ ಹಳೆಯ ಕಡ್ಡಿಗಳು (ಸ್ಪೋಕ್) ಅಳತೆಗಿಂತ ಉದ್ದವಾಗುತ್ತವೆ, ಚಕ್ರವನ್ನು ಹೊಸದಾಗಿ ಕಟ್ಟಬೇಕು. ಅಚ್ಚು ತಿರುಗದಂತೆ ಹಿಡಿಯುವ ವಾಷರ್‌ಗಳು ಚಿಕ್ಕವು ಅಂತ ಬಿಟ್ಟುಬಿಡಬೇಡಿ. ಇವೇ ಇಲ್ಲದಿದ್ದರೆ ಅಚ್ಚೇ ತಿರುಗಿ ಕೇಬಲ್ ಕಿತ್ತುಕೊಂಡು ಬರುತ್ತದೆ. ಕೇಬಲ್‌ಗಳು ಎರಡು, ಒಂದು ಎಳೆಯುವಾಗ ಇನ್ನೊಂದು ಬಿಡುತ್ತದೆ. ಬಿಗಿಯಾಗಿ ಕಟ್ಟದೆ ತುಸು ಸಡಿಲ ಇಡಿ.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಹಬ್ ಒಂದೇ ಎರಡೂವರೆ ಕಿಲೋ ಹತ್ತಿರ ತೂಗುತ್ತದೆ. ಶುಚಿಯಾಗಿರುವ ಚೈನ್-ಡಿರೇಲರ್‌ಗಿಂತ ಇದು ಹೆಚ್ಚು ಶಕ್ತಿ ನುಂಗುತ್ತದೆ. ಮೋಟಾರ್ ಇಲ್ಲದ ಸೈಕಲ್ಲಿನಲ್ಲಿ ಆ ನಷ್ಟ ಕಾಲಿಗೆ ಗೊತ್ತಾಗುತ್ತದೆ, ಇ-ಸೈಕಲ್ಲಿನಲ್ಲಿ ಹೆಚ್ಚಿನ ಪಾಲು ಬ್ಯಾಟರಿಯ ಲೆಕ್ಕಕ್ಕೆ ಹೋಗುತ್ತದೆ. ದೂರ ಓಡುವುದೇ ಮುಖ್ಯ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ನಿಂತು ಹೊರಡುವುದೇ ಜಾಸ್ತಿ, ಸಾಮಾನು ಹೊರುವುದೂ ಇದೆ ಅಂದರೆ ಕಣ್ಣುಮುಚ್ಚಿ ಹೇಳುತ್ತೇನೆ.

ಕೈ ಸುಮ್ಮನಿರದವರಿಗೆ ಇನ್ನೊಂದು ಆಟ. ಹಿಡಿಕೆಯ ಬದಲು ಹೇಳಿದಷ್ಟೇ ತಿರುಗಿ ನಿಲ್ಲುವ ಸಣ್ಣ ಸರ್ವೋ ಮೋಟಾರ್ ಕಟ್ಟಿ, ಪೆಡಲ್ ವೇಗದ ಸೆನ್ಸರ್ ಜೋಡಿಸಿದರೆ ಗೇರ್ ತಾನಾಗಿ ಬದಲಾಗುತ್ತದೆ. ಕಾಲು 70ಕ್ಕಿಂತ ನಿಧಾನವಾದರೆ ಇಳಿಸು, ಜೋರಾದರೆ ಏರಿಸು. ಪ್ರೋಗ್ರಾಮ್‌ನಲ್ಲಿ ಇಷ್ಟೇ ಬರೆದರೆ ಸರ್ವೋ ಕೂತಲ್ಲಿ ಕೂರದೆ ಹಿಂದೆ ಮುಂದೆ ತೂಗಾಡುತ್ತದೆ. 66ರಿಂದ 74ರವರೆಗೆ ಮುಟ್ಟಬೇಡ ಅಂತ ಒಂದು ಸಾಲು ಸೇರಿಸಿ, ಅದು ಸುಮ್ಮನಾಗುತ್ತದೆ.