ಹತ್ತು ನಿಮಿಷಕ್ಕೊಂದು ಬಸ್: ಗದಗ-ಬೆಟಗೇರಿಯ ಲೆಕ್ಕ

ಮಾನ್ಯರೇ, ನಗರಸಭೆಯ ಸದಸ್ಯರೇ, ವಿದ್ಯಾರ್ಥಿ ಮಿತ್ರರೇ,

ನಮ್ಮಂಥ ಊರುಗಳಲ್ಲಿ ಸಿಟಿ ಬಸ್ಸಿನ ಮಾತು ಬಂದಾಗಲೆಲ್ಲ ಒಂದೇ ಆಕ್ಷೇಪ ಕೇಳಿಬರುತ್ತದೆ: ‘ಇಲ್ಲಿ ಬಸ್ ಹತ್ತುವವರು ಯಾರು?’ ಇದಕ್ಕೆ ಉತ್ತರ ಬೇಕಾದವರು ಬೆಳಿಗ್ಗೆ ಒಂಬತ್ತಕ್ಕೆ ಗದಗ ರೈಲು ನಿಲ್ದಾಣದ ಹೊರಗೆ ಹೋಗಿ ನಿಲ್ಲಲಿ. ಹಲವರು ಹಂಚಿಕೊಂಡು ಹೋಗುವ ಟಂಟಂ ಆಟೊಗಳಲ್ಲಿ ಚಾಲಕನ ಎರಡೂ ಪಕ್ಕ ಜನ ಕುಳಿತಿರುತ್ತಾರೆ, ಹಿಂದೆ ಕಾಲಿಡಲು ಜಾಗ ಇರುವುದಿಲ್ಲ. ಅವರೆಲ್ಲ ಕಾಸು ಕೊಟ್ಟು, ಅಪಾಯವನ್ನೂ ಹೊತ್ತು ಪ್ರಯಾಣ ಮಾಡುತ್ತಿರುವವರು. ಪ್ರಯಾಣಿಕರು ಇದ್ದಾರೆ. ಅವರು ನಂಬಬಹುದಾದ ಬಸ್ ಇಲ್ಲ.

2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1 ಲಕ್ಷ 72 ಸಾವಿರ. ಕೇಂದ್ರದ ಅಂದಿನ ನಗರಾಭಿವೃದ್ಧಿ ಸಚಿವಾಲಯದ ನಗರ ಸಾರಿಗೆ ಮಾನದಂಡದ ಪ್ರಕಾರ ಸಾವಿರ ಜನರಿಗೆ 0.6 ಬಸ್ ಇದ್ದರೆ ಅದು ಮೊದಲ ದರ್ಜೆಯ ಸೇವೆ, 0.2ಕ್ಕಿಂತ ಕಡಿಮೆಯಿದ್ದರೆ ಕಡೆಯ ದರ್ಜೆ. ನಮ್ಮ ಊರಿಗೆ ಹೊಂದಿಸಿದರೆ ಮೊದಲ ದರ್ಜೆಗೆ ನೂರಕ್ಕೂ ಹೆಚ್ಚು ಬಸ್ ಬೇಕು. ಈ ಅಂಕಿ ಕೇಳಿದ ಅಧಿಕಾರಿಗಳು ಅಲ್ಲಿಗೇ ಕಡತ ಮುಚ್ಚುತ್ತಾರೆ. ಅದೇ ಮಾನದಂಡದ ಇನ್ನೊಂದು ಸಾಲನ್ನು ಅವರು ಓದಬೇಕೆಂಬುದು ನನ್ನ ಆಗ್ರಹ: ಪ್ರಯಾಣಿಕ ಕಾಯುವ ಸಮಯ. ಸರಾಸರಿ ಹತ್ತು ನಿಮಿಷ ಮೀರಿದರೆ ಅದೂ ಕಡೆಯ ದರ್ಜೆಯೇ.

ಸಣ್ಣ ಊರಿನಲ್ಲಿ ಬಸ್ ಸೋಲುವುದು ಈ ಕಾಯುವಿಕೆಯಲ್ಲಿಯೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವನು ಅರ್ಧ ಗಂಟೆ ಕಾದರೂ ಕಾದಾನು, ದಾರಿ ಇಪ್ಪತ್ತು ಕಿಲೋಮೀಟರ್ ಇದೆ. ಬೆಟಗೇರಿಯಿಂದ ಗಾಂಧಿ ವೃತ್ತಕ್ಕೆ ಹೋಗುವವನು ಏಕೆ ಕಾಯಬೇಕು? ಅಷ್ಟರಲ್ಲಿ ಅವನು ನಡೆದೇ ಮುಟ್ಟುತ್ತಾನೆ. ಕೈಯಲ್ಲಿ ಹಣವಿದ್ದರೆ ಕಂತಿನ ಮೇಲೆ ಬೈಕ್ ಕೊಳ್ಳುತ್ತಾನೆ. ನಾವು ಮಾತ್ರ ಇದ್ದ ಹತ್ತು ಬಸ್ಸುಗಳನ್ನು ಎಲ್ಲ ವಾರ್ಡುಗಳಿಗೂ ಹಂಚುತ್ತೇವೆ. ಪ್ರತಿ ಬಡಾವಣೆಗೆ ದಿನಕ್ಕೆ ನಾಲ್ಕು ಸಲ ಬಸ್ ಬರುತ್ತದೆ, ಯಾವ ಬಡಾವಣೆಯವರೂ ಅದನ್ನು ನೆಚ್ಚಿಕೊಳ್ಳುವುದಿಲ್ಲ. ಆಮೇಲೆ ‘ಜನ ಬರಲಿಲ್ಲ’ ಎಂದು ವರದಿ ಬರೆಯುತ್ತೇವೆ. ಈ ಹಂಚಿಕೆ ನ್ಯಾಯದಂತೆ ಕಾಣುತ್ತದೆ, ಆದರೆ ಸೇವೆಯನ್ನು ಕೊಲ್ಲುವುದು ಅದೇ.

ಲೆಕ್ಕ ಹಾಕೋಣ. ಏಳು ಕಿಲೋಮೀಟರಿನ ಒಂದೇ ಮಾರ್ಗ. ಹೋಗಿಬರಲು ಕೊನೆಯ ನಿಲ್ದಾಣದ ವಿಶ್ರಾಂತಿ ಸೇರಿ ಒಂದು ಗಂಟೆ. ಆರು ಬಸ್ ಇದ್ದರೆ ಹತ್ತು ನಿಮಿಷಕ್ಕೊಂದು ಬಸ್ ಸಿಗುತ್ತದೆ, ಕೆಟ್ಟು ನಿಂತಾಗ ಬಳಸಲು ಒಂದು ಹೆಚ್ಚುವರಿ. ದಿನಕ್ಕೆ ಹದಿನೈದು ಗಂಟೆ ಓಡಿದರೆ ಒಟ್ಟು 1,260 ಕಿಲೋಮೀಟರ್. ಕಿಲೋಮೀಟರಿಗೆ 50 ರೂಪಾಯಿ ವೆಚ್ಚ ಎಂದು ಹಿಡಿಯಿರಿ, ದಿನದ ಖರ್ಚು 63,000 ರೂಪಾಯಿ. ಸರಾಸರಿ ಟಿಕೆಟ್ 10 ರೂಪಾಯಿ ಆದರೆ ಖರ್ಚು ಸರಿದೂಗಲು 6,300 ಪ್ರಯಾಣಿಕರು ಬೇಕು, ಅಂದರೆ ಒಂದು ಬದಿಯ ಪ್ರತಿ ಓಟಕ್ಕೆ 35 ಜನ. ನಡುವೆ ಹತ್ತಿ ಇಳಿಯುವವರನ್ನೂ ಸೇರಿಸಿದರೆ ಇದು ಮಿನಿ ಬಸ್ಸಿಗೂ ನಿಲುಕುವ ಸಂಖ್ಯೆ. ಮೊದಲ ವರ್ಷ ಅರ್ಧದಷ್ಟೇ ಜನ ಬಂದರೂ ವರ್ಷದ ಕೊರತೆ ಸುಮಾರು 1 ಕೋಟಿ 15 ಲಕ್ಷ ರೂಪಾಯಿ. ಅಂದಾಜಿನ ದರಗಳನ್ನು ನೀವು ಬದಲಿಸಿ ನೋಡಿ. ಎಷ್ಟು ಬದಲಿಸಿದರೂ ಒಂದು ನಗರಸಭೆ ಕೂತು ಚರ್ಚಿಸಬಹುದಾದ ಮೊತ್ತವೇ ಉಳಿಯುತ್ತದೆ. ಬೀದಿ ದೀಪಕ್ಕೆ ಯಾರೂ ಲಾಭ ಕೇಳುವುದಿಲ್ಲ. ಬಸ್ಸಿಗೆ ಮಾತ್ರ ಏಕೆ ಕೇಳುತ್ತೇವೆ?

ಓಡಿಸುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಖಾಸಗಿಯವರಿಗೆ ಪರವಾನಗಿ ಕೊಟ್ಟು, ಟಿಕೆಟ್ ಹಣವೇ ನಿಮ್ಮ ಆದಾಯ ಎಂದು ಬಿಟ್ಟರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ತುಂಬುವವರೆಗೆ ಬಸ್ ಹೊರಡುವುದಿಲ್ಲ. ಹೊರಟ ಮೇಲೆ ಮುಂದಿನ ಬಸ್ಸನ್ನು ಹಿಂದಿಕ್ಕುವ ಓಟ. ಪಾಸ್ ಹಿಡಿದ ವಿದ್ಯಾರ್ಥಿ ಕೈ ಮಾಡಿದರೆ ನಿಲ್ಲಿಸುವುದಿಲ್ಲ. ಚಾಲಕನನ್ನು ಬೈದು ಫಲವಿಲ್ಲ, ಅವನ ಹೊಟ್ಟೆಪಾಡು ತಲೆಯೆಣಿಕೆಯ ಮೇಲೆ ನಿಂತಿದೆ. ಅದರ ಬದಲು ಓಡಿದ ಕಿಲೋಮೀಟರಿಗೆ ಹಣ ಕೊಡಿ, ತಪ್ಪಿದ ಓಟಕ್ಕೆ ದಂಡ ಹಾಕಿ, ಟಿಕೆಟ್ ಹಣ ಸಾರ್ವಜನಿಕ ಸಂಸ್ಥೆಯ ಖಾತೆಗೆ ಹೋಗಲಿ. ಆಗ ಸಮಯಕ್ಕೆ ಹೊರಡುವುದೇ ಅವನಿಗೂ ಲಾಭ.

ಆ ಸಂಸ್ಥೆ 1997ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೇ ಆಗಬೇಕು ಎಂಬುದು ನನ್ನ ನಿಲುವು. ಡಿಪೊ ಇದೆ, ಕಾರ್ಯಾಗಾರ ಇದೆ, ತರಬೇತಾದ ಸಿಬ್ಬಂದಿ ಇದ್ದಾರೆ. ಇನ್ನೊಂದು ಗಟ್ಟಿ ಕಾರಣ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ. ಸೇವೆ ನಿಗಮದ ಹೆಸರಿನಲ್ಲಿದ್ದರೆ ಬೆಟಗೇರಿಯ ನೇಕಾರ ಮನೆಯ ಹೆಣ್ಣುಮಗಳು ಕೆಲಸಕ್ಕೆ, ಆಸ್ಪತ್ರೆಗೆ ಖರ್ಚಿಲ್ಲದೆ ಹೋಗಬಹುದು, ಅದರ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡುವುದರಿಂದ ಅವಳ ಶೂನ್ಯ ಟಿಕೆಟ್ ಕೂಡ ಮಾರ್ಗದ ಆದಾಯದ ಲೆಕ್ಕಕ್ಕೆ ಬರುತ್ತದೆ.

ನಮ್ಮ ಪಕ್ಕದಲ್ಲೇ ಒಂದು ಪಾಠವಿದೆ. ಹುಬ್ಬಳ್ಳಿ-ಧಾರವಾಡ ನಡುವೆ ಬಸ್ಸಿಗೇ ಮೀಸಲಾದ ಪಥದ ಸೇವೆಯಾದ ಬಿಆರ್‌ಟಿಎಸ್ 2018ರಲ್ಲಿ ಪ್ರಾಯೋಗಿಕವಾಗಿ ಓಡಿತು, 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಯಿತು. ರಸ್ತೆ ಅಗಲಿಸಿದ್ದರ ಬಗ್ಗೆ, ಉರುಳಿದ ಮರಗಳ ಬಗ್ಗೆ, ಧಾರವಾಡದಲ್ಲಿ ನಿಲ್ಲುವ ಮಳೆನೀರಿನ ಬಗ್ಗೆ ಅಲ್ಲಿನ ಜನ ಎತ್ತುವ ದೂರುಗಳು ನ್ಯಾಯವಾದವು. ಆದರೂ ಆ ಸೇವೆಯ ‘ಚಿಗರಿ’ ಬಸ್ಸು ಒಂದು ವಿಷಯ ತೋರಿಸಿಕೊಟ್ಟಿತು: ಒಂದು ಹೋದರೆ ಇನ್ನೊಂದು ಬರುತ್ತದೆ ಎಂಬ ನಂಬಿಕೆ ಹುಟ್ಟಿದರೆ ಜನ ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ನಡೆಯುತ್ತಾರೆ. ನಮಗೆ ಆ ಕಾರಿಡಾರ್ ಬೇಡ, ಗಾಜಿನ ನಿಲ್ದಾಣವೂ ಬೇಡ. ಆ ನಂಬಿಕೆಯಷ್ಟೇ ಸಾಕು, ಜೊತೆಗೆ ನೆರಳಿರುವ ತಂಗುದಾಣ ಮತ್ತು ಅಲ್ಲಿಗೆ ಮುಟ್ಟುವ ಪಾದಚಾರಿ ಮಾರ್ಗ.

ಹಾವೇರಿಯಿಂದ ಬಂದವರೂ ಇಲ್ಲಿದ್ದೀರಿ. ನಿಮ್ಮ ಊರು ಇನ್ನೂ ಚಿಕ್ಕದು, 2011ರಲ್ಲಿ 67 ಸಾವಿರ ಜನ. ಅಲ್ಲಿಗೆ ಪ್ರತ್ಯೇಕ ಸಿಟಿ ಬಸ್ ಹೊರೆಯಾಗಬಹುದು. ಹಳ್ಳಿಗಳಿಂದ ಬರುವ ಬಸ್ಸುಗಳನ್ನು ಬಸ್ ನಿಲ್ದಾಣಕ್ಕೆ ಮುಗಿಸದೆ ಊರು ದಾಟಿಸಿ, ಜಿಲ್ಲಾಸ್ಪತ್ರೆಯವರೆಗೆ, ದೇವಗಿರಿಯ ಜಿಲ್ಲಾಡಳಿತ ಭವನದವರೆಗೆ ಓಡಿಸಿ. ಹೊಸ ವಾಹನ ಕೊಳ್ಳದೆ ಊರೊಳಗಿನ ಸೇವೆಯೂ ಹುಟ್ಟುತ್ತದೆ, ಅರ್ಜಿ ಹಿಡಿದು ಬಂದ ರೈತನ ಆಟೊ ಬಾಡಿಗೆಯೂ ಉಳಿಯುತ್ತದೆ.

ಗದಗಕ್ಕೆ ನನ್ನ ಪ್ರಸ್ತಾಪ ಇದು. ಬೆಟಗೇರಿಯಿಂದ ರೈಲು ನಿಲ್ದಾಣ, ಗಾಂಧಿ ವೃತ್ತ, ಮುಳಗುಂದ ನಾಕಾ ಮೂಲಕ ಮಲ್ಲಸಮುದ್ರದ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯವರೆಗೆ ಒಂದು ಮಾರ್ಗ. ಶಾಲಾ-ಕಾಲೇಜುಗಳು ತೆರೆಯುವ ಜೂನ್‌ನಲ್ಲಿ ಆರಂಭ, ಎರಡು ವರ್ಷ ಮಾರ್ಗವನ್ನೂ ಸಮಯವನ್ನೂ ಮುಟ್ಟಬಾರದು. ಟಂಟಂ ಚಾಲಕರನ್ನು ಹೊರದಬ್ಬದೆ, ಬಡಾವಣೆಗಳ ಒಳಗಿನಿಂದ ಈ ಮಾರ್ಗಕ್ಕೆ ಜನರನ್ನು ತಂದು ಮುಟ್ಟಿಸುವ ಕೆಲಸವನ್ನು ಅವರೊಂದಿಗೆ ಕೂತು ಮಾತಾಡಿ ವಹಿಸಬೇಕು. ಪರವಾನಗಿಯ ತಿದ್ದುಪಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಹೋಗಬೇಕಾಗುತ್ತದೆ. ಕೊರತೆ ತುಂಬುವ ಮೊತ್ತ ನಗರಸಭೆಯ ಬಜೆಟ್ಟಿನಲ್ಲಿ ‘ನಗರ ಸಾರಿಗೆ’ ಎಂಬ ಶೀರ್ಷಿಕೆಯಡಿ ಎಲ್ಲರಿಗೂ ಕಾಣುವಂತೆ ಇರಬೇಕು. ಬಜೆಟ್ ಪೂರ್ವಭಾವಿ ಸಭೆಗೆ ನಾಗರಿಕರೂ ಹೋಗಬಹುದು, ನಾನು ಹೋಗುತ್ತೇನೆ. ಈ ಲೆಕ್ಕದ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ನಿಮ್ಮ ವಾರ್ಡಿನ ಸದಸ್ಯರಿಗೂ ಒಂದು ಒಯ್ದು ಕೊಡಿ. ಈಗ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳೋಣ.