ಕೋಚ್ ಹೊರಟಾಗ: ಆ್ಯಕ್ರನ್‌ನಿಂದ ಪೋರ್ಟ್‌ಲ್ಯಾಂಡ್‌ಗೆ

ಕೇಳುಗರೇ, ನಮಸ್ಕಾರ.

2012ರ ಆಗಸ್ಟ್ ತಿಂಗಳ ಕೊನೆಯ ವಾರ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಆ್ಯಕ್ರನ್ ಅಂತ ಒಂದು ಊರಿದೆ. ಒಂದು ಕಾಲದಲ್ಲಿ ಅಲ್ಲಿ ಎಲ್ಲಿ ನೋಡಿದರೂ ಟೈರ್ ಕಾರ್ಖಾನೆಗಳೇ. ಗುಡ್‌ಇಯರ್, ಫೈರ್‌ಸ್ಟೋನ್ ಎಲ್ಲ ಬೆಳೆದದ್ದು ಅಲ್ಲೇ. ಆ ಊರಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಸೀಸನ್ ಶುರುವಾಗುವ ಹೊತ್ತು. ಫುಟ್‌ಬಾಲ್ ಅಂದರೆ ನಾವು ನೀವು ಆಡುವ ಫುಟ್‌ಬಾಲ್, ಅಲ್ಲಿಯವರು ಸಾಕರ್ ಅನ್ನುವುದು. ಆಗ ಸುದ್ದಿ ಬಂತು. ಕೋಚ್ ಕೇಲೆಬ್ ಪೋರ್ಟರ್ ಈ ಸೀಸನ್ ಮುಗಿಸಿ ಹೊರಡುತ್ತಾರಂತೆ. ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಸಾಕರ್‌ನ ಪೋರ್ಟ್‌ಲ್ಯಾಂಡ್ ಟಿಂಬರ್ಸ್ ತಂಡಕ್ಕೆ ಅವರೇ ಮುಂದಿನ ಕೋಚ್ ಅಂತೆ.

ಒಬ್ಬ ಕೋಚ್ ಕೆಲಸ ಬದಲಾಯಿಸಿದ್ದಕ್ಕೆ ಇಷ್ಟೊಂದು ಮಾತು ಯಾಕೆ ಅಂತ ನಿಮಗೆ ಅನಿಸಬಹುದು. ನಮ್ಮಲ್ಲಿ ಅಂತರ ಕಾಲೇಜು ಪಂದ್ಯ ನೋಡೋಕೆ ಬರುವವರು ಯಾರು ಹೇಳಿ? ಆಡುವ ಹುಡುಗರ ಸ್ನೇಹಿತರು, ಕ್ಲಾಸ್ ತಪ್ಪಿಸಿಕೊಂಡು ಬಂದ ಒಂದಷ್ಟು ಜನ, ಒಬ್ಬರು ಪಿ.ಟಿ. ಮೇಷ್ಟ್ರು. ಅಮೆರಿಕದಲ್ಲಿ ಹಾಗಲ್ಲ. ಕಾಲೇಜು ತಂಡ ಅಲ್ಲಿ ಊರಿನ ತಂಡ. ಓದು ಮುಗಿಸಿ ಮೂವತ್ತು ವರ್ಷ ಆದವರೂ ಕಾಲೇಜಿನ ಬಣ್ಣದ ಟೋಪಿ ಹಾಕಿಕೊಂಡು ಗ್ಯಾಲರಿಗೆ ಬರುತ್ತಾರೆ. ಆ್ಯಕ್ರನ್ ವಿದ್ಯಾರ್ಥಿಗಳ ಅಭಿಮಾನಿ ಗುಂಪಿನ ಹೆಸರು ಎಕೆ ರೌಡೀಸ್. ನಮ್ಮೂರಲ್ಲಿ ಆ ಹೆಸರಿಟ್ಟುಕೊಂಡರೆ ಸ್ಟೇಷನ್‌ನಿಂದ ಕರೆ ಬರುತ್ತಿತ್ತು, ಬಿಡಿ. ಅಲ್ಲಿ ಮೈದಾನದ ಗಡಿಯಾರವೂ ಉಲ್ಟಾ ಓಡುತ್ತದೆ. 45 ನಿಮಿಷದಿಂದ ಶುರುವಾಗಿ ಸೊನ್ನೆಗೆ ಬರುತ್ತದೆ. ಗೆಲ್ಲುವ ಪಂದ್ಯವಾದರೆ ಕೊನೆಯ ಹತ್ತು ಸೆಕೆಂಡನ್ನು ಗ್ಯಾಲರಿಯೇ ಜೋರಾಗಿ ಎಣಿಸುತ್ತದೆ.

ಈ ಕಾಲೇಜು ಆಟದಲ್ಲಿ ಒಂದು ವಿಚಿತ್ರ ಇದೆ. ಯಾವ ಆಟಗಾರನೂ ನಾಲ್ಕು ಸೀಸನ್‌ಗಿಂತ ಜಾಸ್ತಿ ಆಡುವ ಹಾಗಿಲ್ಲ. ಚೆನ್ನಾಗಿ ಆಡುವವರು ಎರಡೇ ವರ್ಷಕ್ಕೆ ವೃತ್ತಿಪರ ತಂಡ ಸೇರುತ್ತಾರೆ. ಹುಡುಗನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಹುಡುಗ ಇರುವುದಿಲ್ಲ. ಹಾಗಾದರೆ ಅಭಿಮಾನಿ ಯಾರನ್ನ ನಂಬಿಕೊಂಡು ಬರಬೇಕು? ಹಾಸ್ಟೆಲ್‌ನಲ್ಲಿ ಹುಡುಗರು ವರ್ಷ ವರ್ಷ ಬದಲಾದರೂ ಅಡುಗೆ ಭಟ್ಟರು ಅವರೇ ಇರುತ್ತಾರಲ್ವಾ, ಹಾಗೆ ಕೋಚ್ ಒಬ್ಬರೇ ಉಳಿಯುವುದು. ತಂಡದ ಆಟ ಅಂದರೆ ಅವರ ಕೈರುಚಿ. ಅವರೇ ಗಂಟುಮೂಟೆ ಕಟ್ಟಿದರೆ ಉಳಿಯುವುದು ಬರೀ ಜೆರ್ಸಿಯ ಬಣ್ಣ. ಅಭಿಮಾನಿಗಳ ಸಿಟ್ಟು, ಸಂಕಟ ಎಲ್ಲದರ ಬೇರು ಇಲ್ಲಿದೆ ಅನ್ನುವುದು ನನ್ನ ಲೆಕ್ಕ.

ಪೋರ್ಟರ್ ಆ್ಯಕ್ರನ್‌ಗೆ ಬಂದದ್ದು 2006ರ ಸೀಸನ್‌ಗೆ. ಅದಕ್ಕೆ ಮುಂಚೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್ ಆಗಿದ್ದವರು, ಅಲ್ಲೇ ಆಡಿದವರು. ಬಂದವರು ಚೆಂಡನ್ನು ನೆಲದ ಮೇಲೇ ಇಟ್ಟು, ಸಣ್ಣ ಸಣ್ಣ ಪಾಸ್‌ಗಳಲ್ಲಿ ಎದುರಾಳಿಯನ್ನು ಸುಸ್ತು ಮಾಡುವ ಆಟ ಕಲಿಸಿದರು. ಅಮೆರಿಕದ ಕಾಲೇಜುಗಳಲ್ಲಿ ಆಗ ಜಾಸ್ತಿ ನಡೆಯುತ್ತಿದ್ದದ್ದು ಓಡು, ಗುದ್ದು, ಉದ್ದಕ್ಕೆ ಒದೆ ಅನ್ನುವ ಆಟ. ಅದರ ನಡುವೆ ಇದು ಎದ್ದು ಕಂಡಿತು. 2009ರಲ್ಲಿ ಅವರ ತಂಡದ ಹುಡುಗ ಸ್ಟೀವ್ ಝಕುವಾನಿ ವೃತ್ತಿಪರ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾದ. ಅದೇ ವರ್ಷದ ಸೀಸನ್‌ನಲ್ಲಿ ತಂಡ ಆಟದ ಸಮಯದಲ್ಲಿ ಒಂದು ಪಂದ್ಯವನ್ನೂ ಸೋಲದೆ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಫೈನಲ್‌ಗೆ ಹೋಯಿತು. ಅಲ್ಲೂ ಆಟದಲ್ಲಿ ಸೋಲಲಿಲ್ಲ. ಗೋಲಿಲ್ಲದೆ ಮುಗಿದ ಪಂದ್ಯವನ್ನು ಪೆನಾಲ್ಟಿ ಒದೆತದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಎಗರಿಸಿಕೊಂಡು ಹೋಯಿತು.

2010ರ ಫೈನಲ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎದುರಿಗೆ ಇದ್ದದ್ದು ಲೂಯಿವಿಲ್ ವಿಶ್ವವಿದ್ಯಾಲಯ. ಅದರ ಕೋಚ್ ಕೆನ್ ಲೊಲ್ಲಾ. ಈ ಲೊಲ್ಲಾ ಯಾರು ಗೊತ್ತಾ? ಪೋರ್ಟರ್‌ಗಿಂತ ಮುಂಚೆ ಆ್ಯಕ್ರನ್‌ನಲ್ಲಿ 1993ರಿಂದ 2005ರವರೆಗೆ ಕೋಚ್ ಆಗಿದ್ದವರು! ಅವರೂ ಒಂದು ದಿನ ಹೊರಟವರೇ, ಇನ್ನೊಂದು ಕಾಲೇಜಿಗೆ. ಅವರು ಬಿಟ್ಟು ಹೋದ ಕುರ್ಚಿಯಲ್ಲಿ ಪೋರ್ಟರ್ ಕೂತರು, ಐದು ವರ್ಷ ಆದ ಮೇಲೆ ಇಬ್ಬರೂ ಫೈನಲ್‌ನಲ್ಲಿ ಎದುರು ಬದುರು. 79ನೇ ನಿಮಿಷದಲ್ಲಿ ಸ್ಕಾಟ್ ಕಾಲ್ಡ್‌ವೆಲ್ ಗೋಲು ಹೊಡೆದ. ಆ್ಯಕ್ರನ್ 1–0ಯಿಂದ ಗೆದ್ದಿತು. ಆ್ಯಕ್ರನ್ ವಿಶ್ವವಿದ್ಯಾಲಯಕ್ಕೆ ಕಾಲೇಜು ಕ್ರೀಡೆಯ ಅತಿ ಮೇಲಿನ ಮಟ್ಟದಲ್ಲಿ, ಯಾವ ಆಟದಲ್ಲೇ ಆಗಲಿ, ಅದೇ ಮೊದಲ ರಾಷ್ಟ್ರೀಯ ತಂಡ ಪ್ರಶಸ್ತಿ. ಅದಾಗಿ ಕೆಲವೇ ವಾರಕ್ಕೆ 2011ರ ಡ್ರಾಫ್ಟ್ ನಡೆಯಿತು. ಮೊದಲ ಎಂಟು ಆಯ್ಕೆಗಳಲ್ಲಿ ಐವರು ಆ್ಯಕ್ರನ್ ಹುಡುಗರು. ಎರಡನೆಯವನಾಗಿ ಆಯ್ಕೆಯಾದ ಡಾರ್ಲಿಂಗ್ಟನ್ ನಾಗ್ಬಿಯನ್ನು ಪೋರ್ಟ್‌ಲ್ಯಾಂಡ್ ಟಿಂಬರ್ಸ್ ತೆಗೆದುಕೊಂಡಿತು. ಪೋರ್ಟ್‌ಲ್ಯಾಂಡ್ ಹೆಸರು ಆ್ಯಕ್ರನ್‌ನಲ್ಲಿ ಜೋರಾಗಿ ಕೇಳಿಬಂದದ್ದು ಆಗ. ಶಿಷ್ಯ ಮೊದಲು ಹೋದ, ಗುರು ಆಮೇಲೆ.

ಹೀಗಿರುವಾಗ 2012ರ ಸುದ್ದಿ ಬಂದರೆ ಅಭಿಮಾನಿಗಳ ಮನಸ್ಸು ಹೇಗಿರಬೇಡ?

ಇಂಥ ಸುದ್ದಿಗೆ ಮೊದಲು ಬರುವ ಮಾತು, 'ಇದು ಆಗುತ್ತದೆ ಅಂತ ಗೊತ್ತಿತ್ತು' ಅನ್ನುವುದು. 2009ರ ಕೊನೆಯಲ್ಲೇ ಅದೇ ವೃತ್ತಿಪರ ಲೀಗ್‌ನ ಡಿ.ಸಿ. ಯುನೈಟೆಡ್ ತಂಡ ಪೋರ್ಟರ್‌ಗೆ ಗಾಳ ಹಾಕಿತ್ತು, ಅವರು ಒಪ್ಪಿರಲಿಲ್ಲ. ಒಂದು ಸಲ ಇಲ್ಲ ಅಂದವರು ಇನ್ನೊಂದು ಸಲ ಹೂಂ ಅನ್ನಬಹುದು, ಇದು ಎಲ್ಲರಿಗೂ ತಿಳಿಯುವ ಮಾತೇ. ಆದರೂ ನಿಜವಾಗಿ ಬಂದಾಗ ಹೊಟ್ಟೆಯಲ್ಲಿ ಕಸಿವಿಸಿ. ಎರಡನೆಯದು ಹೆಮ್ಮೆ. ನಮ್ಮ ಕೋಚನ್ನು ದೊಡ್ಡವರು ಹುಡುಕಿಕೊಂಡು ಬಂದರು ಅನ್ನುವ ಹೆಮ್ಮೆ. ಅದನ್ನು ಹೇಳುವಾಗಲೇ ದನಿ ಸ್ವಲ್ಪ ಕಹಿಯಾಗುತ್ತದೆ: ಸೀಸನ್ ಶುರುವಿನಲ್ಲೇ ಹೇಳಬೇಕಿತ್ತಾ? ಡಿಸೆಂಬರ್‌ವರೆಗೆ ಕಾಯೋಕೆ ಆಗ್ತಿರಲಿಲ್ವಾ?

ಈ ಪ್ರಶ್ನೆ ಸುಮ್ನೆ ಗೊಣಗಾಟ ಅಲ್ಲ. ಹೊರಡುವುದು ಖಚಿತವಾದ ಕೋಚ್‌ಗೆ ಒಂದು ಇಡೀ ಸೀಸನ್ ಚಪ್ಪಾಳೆ ತಟ್ಟುವುದು ಸುಲಭದ ಮಾತಲ್ಲ. ಗೆದ್ದರೆ 'ಇಷ್ಟು ಒಳ್ಳೆಯವರು ಹೋಗುತ್ತಿದ್ದಾರಲ್ಲ' ಅನ್ನುವ ಕೊರಗು. ಎಡವಿದರೆ 'ಅವರ ಮನಸ್ಸು ಆಗಲೇ ಪೋರ್ಟ್‌ಲ್ಯಾಂಡ್‌ನಲ್ಲಿದೆ' ಅನ್ನುವ ಅನುಮಾನ. ಆದರೆ ಪೋರ್ಟರ್ ಕಡೆಯಿಂದ ನೋಡಿದರೆ, ನಡುನೀರಲ್ಲಿ ಕೈಬಿಟ್ಟು ಹೋಗದೆ, ಹೇಳಿ, ಸೀಸನ್ ಮುಗಿಸಿ ಹೋಗುವುದು ಮರ್ಯಾದೆಯ ದಾರಿ. ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಡಿಸೆಂಬರ್‌ನಲ್ಲಿ ಮಾಯವಾಗಿದ್ದರೆ ಇದೇ ಜನ ಇನ್ನೂ ಜಾಸ್ತಿ ಬೈಯುತ್ತಿದ್ದರು.

ಹಳೆಯ, ಪಳಗಿದ ಅಭಿಮಾನಿಗಳ ಚಿಂತೆ ಬೇರೆಯೇ ಇರುತ್ತದೆ. ಅವರು ಕೋಚ್ ಬಗ್ಗೆ ಅಳುತ್ತಾ ಕೂರುವುದಿಲ್ಲ, ಹುಡುಗರ ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷ ಬರುತ್ತೇವೆ ಅಂತ ಮಾತು ಕೊಟ್ಟ ಹೈಸ್ಕೂಲ್ ಹುಡುಗರು ಬರುತ್ತಾರಾ? ಆಗಿನ ಪದ್ಧತಿಯಲ್ಲಿ ಹುಡುಗ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಿದ್ದ. ಆ ಸಹಿ ಕಾಲೇಜಿಗೆ, ಕೋಚ್‌ಗೆ ಅಲ್ಲ. ಕೋಚ್ ಹೊರಟರೂ ಹುಡುಗ ಕಟ್ಟುಬಿದ್ದವನೇ. ಓದುತ್ತಿರುವ ಹುಡುಗ ಬೇರೆ ಕಾಲೇಜಿಗೆ ಹೋಗಿ ತಕ್ಷಣ ಆಡಬೇಕಾದರೆ ಹಳೆಯ ಕಾಲೇಜಿನ ಒಪ್ಪಿಗೆ ಬೇಕಿತ್ತು. ಕೋಚ್‌ಗೆ ಮಾತ್ರ ಬಾಗಿಲು ತೆರೆದೇ ಇರುತ್ತಿತ್ತು. ಅಭಿಮಾನಿಗಳು ನಿಷ್ಠೆ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಈ ಏರುಪೇರಿನ ಬಗ್ಗೆ ಮಾತಾಡಿದ್ದು ಬಹಳ ಕಮ್ಮಿ. ನಿಷ್ಠೆ ಅನ್ನುವ ಭಾರ ಹದಿನೆಂಟು ವರ್ಷದ ಹುಡುಗನ ತಲೆ ಮೇಲೆ ಮಾತ್ರ ಯಾಕಿರಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅತ್ತ ಪೋರ್ಟ್‌ಲ್ಯಾಂಡ್‌ನಲ್ಲಿ ಏನಾಯಿತು? ಅಲ್ಲಿನ ಟಿಂಬರ್ಸ್ ಆರ್ಮಿ ಅಭಿಮಾನಿಗಳು ದೊಡ್ಡ ಗಲಾಟೆಯವರು. ಅಲ್ಲಿ ತಂಡ ಗೋಲು ಹೊಡೆದರೆ ಒಬ್ಬ ಮೈದಾನದ ಅಂಚಿನಲ್ಲೇ ಗರಗಸದ ಯಂತ್ರದಿಂದ ಮರದ ದಿಮ್ಮಿಯ ಒಂದು ಬಿಲ್ಲೆ ಕೊಯ್ಯುತ್ತಾನೆ. ಹೌದು, ನಿಜವಾದ ಗರಗಸ, ನಿಜವಾದ ದಿಮ್ಮಿ. ಅಂಥ ಕಡೆ ಕಾಲೇಜು ಕೋಚ್ ಬರುತ್ತಾನೆ ಅಂದರೆ ಹುಬ್ಬೇರಿಸುವವರು ಇರಲೇಬೇಕು. ಕಾರಣವೂ ಇತ್ತು. ಅದೇ 2012ರ ಮಾರ್ಚ್‌ನಲ್ಲಿ ಪೋರ್ಟರ್ ಅಮೆರಿಕದ 23 ವರ್ಷದೊಳಗಿನವರ ತಂಡವನ್ನು ಲಂಡನ್ ಒಲಿಂಪಿಕ್ಸ್‌ಗೆ ಕರೆದೊಯ್ಯಬೇಕಿತ್ತು. ಎಲ್ ಸಾಲ್ವಡಾರ್ ಎದುರು 90 ನಿಮಿಷ ಮುಗಿದ ಮೇಲೆ ಸೇರಿಸಿದ ಇಂಜುರಿ ಟೈಮ್‌ನ ಕೊನೇ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು, 3–3 ಆಗಿ, ಒಲಿಂಪಿಕ್ಸ್ ಕೈತಪ್ಪಿತು. ಹುಡುಗರಿಗೆ ಪಾಠ ಹೇಳಿದವರು ಸಂಬಳದ ಆಟಗಾರರನ್ನು ಸಂಭಾಳಿಸ್ತಾರಾ ಅನ್ನುವ ಅನುಮಾನಕ್ಕೆ ಇಷ್ಟು ಸಾಕಾಗಿತ್ತು.

ಈ ಅನುಮಾನಕ್ಕೆ ಉತ್ತರ ಹದಿನಾರು ವರ್ಷ ಹಿಂದೆಯೇ ಸಿಕ್ಕಿತ್ತು. ಬ್ರೂಸ್ ಅರೆನಾ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1978ರಿಂದ 1995ರವರೆಗೆ ಕೋಚ್ ಆಗಿದ್ದರು. ಐದು ರಾಷ್ಟ್ರೀಯ ಪ್ರಶಸ್ತಿ, ಅದರಲ್ಲಿ 1991ರಿಂದ 1994ರವರೆಗೆ ಸಾಲಾಗಿ ನಾಲ್ಕು. 1989ರದ್ದು ಮಾತ್ರ ಸಾಂಟಾ ಕ್ಲಾರಾ ಜೊತೆ ಹಂಚಿಕೊಂಡದ್ದು. ಅಂಥವರು 1996ರಲ್ಲಿ ಡಿ.ಸಿ. ಯುನೈಟೆಡ್‌ಗೆ ಹೋದರು. ಮೇಜರ್ ಲೀಗ್ ಸಾಕರ್ ಆಗ ಹುಟ್ಟುತ್ತಿದ್ದ ಕೂಸು. ಅದು ಬದುಕುತ್ತದೆ ಅಂತ ಯಾರೂ ಬರೆದುಕೊಟ್ಟಿರಲಿಲ್ಲ. ಹೊಸ ತಂಡ ಶುರುವಿನ ಪಂದ್ಯಗಳನ್ನು ಸಾಲಾಗಿ ಸೋತಿತು. ನೋಡಿದ್ರಾ, ಕಾಲೇಜು ಬೇರೆ, ಇದು ಬೇರೆ ಅನ್ನೋಕೆ ಒಳ್ಳೆ ಅವಕಾಶ. ಆದರೆ ಅಕ್ಟೋಬರ್‌ನಲ್ಲಿ ಅದೇ ತಂಡ ಫೈನಲ್‌ಗೆ ಬಂತು. ಧಾರಾಕಾರ ಮಳೆ, ಮೈದಾನ ಪೂರ್ತಿ ನೀರು. ಲಾಸ್ ಏಂಜಲೀಸ್ ಗ್ಯಾಲಕ್ಸಿ ಎದುರು ಎರಡು ಗೋಲು ಹಿಂದೆ ಬಿದ್ದಿದ್ದವರು ಸಮ ಮಾಡಿಕೊಂಡರು. ಹೆಚ್ಚುವರಿ ಆಟದಲ್ಲಿ ಎಡ್ಡಿ ಪೋಪ್ ತಲೆಯಿಂದ ಹೊಡೆದ ಗೋಲು ಲೀಗ್‌ನ ಮೊಟ್ಟಮೊದಲ ಕಪ್ ತಂದುಕೊಟ್ಟಿತು. ಆ ತಂಡದಲ್ಲಿ ಜಾನ್ ಹಾರ್ಕ್ಸ್, ಜೆಫ್ ಅಗೂಸ್ ಇಬ್ಬರೂ ವರ್ಜೀನಿಯಾದಲ್ಲಿ ಅರೆನಾ ಕೈಯಲ್ಲೇ ಪಳಗಿದವರು. ಮುಂದೆ ಸಿಗಿ ಶ್ಮಿಡ್ ಕೂಡ ಇದೇ ದಾರಿ ಹಿಡಿದರು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಮೂರು ಪ್ರಶಸ್ತಿ ಗೆದ್ದು, 1999ರಲ್ಲಿ ಗ್ಯಾಲಕ್ಸಿಗೆ ಹೋಗಿ, 2002ರಲ್ಲಿ ಕಪ್ ಎತ್ತಿದರು.

ವರ್ಜೀನಿಯಾದವರು ಅರೆನಾ ಹೋದ ಮೇಲೆ ಮುಳುಗಿಹೋದರಾ? ಇಲ್ಲ. ಅಲ್ಲೇ ಆಡಿದ್ದ ಜಾರ್ಜ್ ಗೆಲ್ನೊವಾಚ್ ಆ ಜಾಗಕ್ಕೆ ಬಂದರು. ರಾಷ್ಟ್ರೀಯ ಪ್ರಶಸ್ತಿಗೆ ಮಾತ್ರ 2009ರವರೆಗೆ ಕಾಯಬೇಕಾಯಿತು. ಆ 2009ರ ಫೈನಲ್ ಯಾವುದು ಅಂತ ನಿಮಗೆ ಆಗಲೇ ಹೊಳೆದಿರಬೇಕು. ಪೆನಾಲ್ಟಿಯಲ್ಲಿ ಪೋರ್ಟರ್‌ನ ಆ್ಯಕ್ರನ್ ಹುಡುಗರನ್ನು ಸೋಲಿಸಿದ್ದು ಇವರ ತಂಡವೇ.

ಆ್ಯಕ್ರನ್‌ಗೆ ವಾಪಸ್ ಬರೋಣ. ಪಳಗಿದ ಅಭಿಮಾನಿಗಳ ಭಯ ಅರ್ಧ ನಿಜವಾಯಿತು. ಆ ಚಳಿಗಾಲದಲ್ಲಿ ಕೋಚ್ ಒಬ್ಬರೇ ಹೋಗಲಿಲ್ಲ. ವಿಲ್ ಟ್ರ್ಯಾಪ್ ಮತ್ತು ಚಾಡ್ ಬಾರ್ಸನ್ ಕೊಲಂಬಸ್ ಕ್ರೂ ತಂಡ ಸೇರಿದರು. ಡಿಆಂಡ್ರೆ ಯೆಡ್ಲಿನ್ ಸಿಯಾಟಲ್‌ಗೆ ಹೋದ. ಒಂದೂವರೆ ವರ್ಷದಲ್ಲಿ ಅವನು ವಿಶ್ವಕಪ್ ಆಡುತ್ತಿದ್ದ. ಇನ್ನರ್ಧ ಭಯ ಸುಳ್ಳಾಯಿತು. ಪೋರ್ಟರ್ ಜೊತೆ ಸಹಾಯಕರಾಗಿದ್ದ ಜೇರೆಡ್ ಎಂಬಿಕ್ ಅವರನ್ನೇ ಕಾಲೇಜು ಮುಖ್ಯ ಕೋಚ್ ಮಾಡಿತು. ಆಟದ ರೀತಿ ಬದಲಾಗಲಿಲ್ಲ.

ಪೋರ್ಟರ್ 2013ರಲ್ಲಿ, ಮೊದಲ ವರ್ಷದಲ್ಲೇ, ಟಿಂಬರ್ಸ್ ತಂಡವನ್ನು ಪಶ್ಚಿಮ ವಿಭಾಗದ ಮೊದಲ ಸ್ಥಾನಕ್ಕೆ ತಂದು, ಲೀಗ್‌ನ ವರ್ಷದ ಕೋಚ್ ಅನ್ನಿಸಿಕೊಂಡರು. ಹುಬ್ಬೇರಿಸಿದವರು ಸುಮ್ಮನಾದರು. ಆ್ಯಕ್ರನ್ ಅಭಿಮಾನಿಗಳಿಗೆ ನಿಜವಾದ ಪರೀಕ್ಷೆ ಬಂದದ್ದು 2015ರ ಡಿಸೆಂಬರ್‌ನಲ್ಲಿ. ಲೀಗ್‌ನ ಫೈನಲ್, ಪೋರ್ಟ್‌ಲ್ಯಾಂಡ್‌ಗೂ ಕೊಲಂಬಸ್‌ಗೂ. ನಡೆದದ್ದು ಕೊಲಂಬಸ್‌ನಲ್ಲೇ, ಅಂದರೆ ಅದೇ ಒಹಾಯೊದಲ್ಲಿ, ಆ್ಯಕ್ರನ್‌ನಿಂದ ಕಾರಲ್ಲಿ ಎರಡು ಗಂಟೆ ದಾರಿ. ಒಂದು ಕಡೆ ಪೋರ್ಟರ್ ಮತ್ತು ನಾಗ್ಬಿ, ಇನ್ನೊಂದು ಕಡೆ ಟ್ರ್ಯಾಪ್. ಎಲ್ಲರೂ ಒಂದೇ ಮೈದಾನದಲ್ಲಿ ಬೆಳೆದವರು. ಯಾರಿಗೆ ಕೂಗಬೇಕು? ನಿರ್ಧಾರ ಮಾಡೋಕೂ ಪುರುಸೊತ್ತು ಸಿಗಲಿಲ್ಲ. ಪಂದ್ಯ ಶುರುವಾಗಿ 27ನೇ ಸೆಕೆಂಡಿಗೆ ಕೊಲಂಬಸ್ ಗೋಲಿ ಚೆಂಡನ್ನು ಕಾಲಲ್ಲಿಟ್ಟುಕೊಂಡು ತಡ ಮಾಡಿದ, ಡಿಯೆಗೊ ವಲೇರಿ ಓಡಿಬಂದು ಕಾಲು ಚಾಚಿದ, ಚೆಂಡು ಬಲೆಯೊಳಗೆ. ಪೋರ್ಟ್‌ಲ್ಯಾಂಡ್ 2–1ರಿಂದ ಗೆದ್ದಿತು. ಕಪ್ ಎತ್ತಿದ ಕೋಚ್ ನಮ್ಮವರು, ಸೋತ ಊರೂ ನಮ್ಮದೇ ರಾಜ್ಯದ್ದು. ಮುಂದೆ ಇದೇ ಪೋರ್ಟರ್ ಕೊಲಂಬಸ್‌ನ ಕೋಚ್ ಆಗಿ ಬಂದು, 2020ರಲ್ಲಿ ಆ ಊರಿಗೂ ಕಪ್ ಗೆದ್ದುಕೊಟ್ಟರು. ಒಹಾಯೊ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು ಅನ್ನಬಹುದು.

ಇತ್ತ ಎಂಬಿಕ್ 2018ರಲ್ಲಿ ಆ್ಯಕ್ರನ್ ತಂಡವನ್ನು ಮತ್ತೆ ರಾಷ್ಟ್ರೀಯ ಫೈನಲ್‌ಗೆ ಕರೆದೊಯ್ದರು. ಮೇರಿಲ್ಯಾಂಡ್ ಎದುರು ಒಂದೇ ಒಂದು ಪೆನಾಲ್ಟಿ ಗೋಲಿನಿಂದ ಸೋಲು. ಮೇರಿಲ್ಯಾಂಡ್ ಕೋಚ್ ಸಾಶೊ ಸಿರೊವ್ಸ್ಕಿ 1993ರಿಂದ ಒಂದೇ ಜಾಗದಲ್ಲಿ ಕೂತವರು. ಅವರಿಗೆ ಅದು ಮೂರನೇ ಪ್ರಶಸ್ತಿ. ಅಂಥವರೂ ಇರುತ್ತಾರೆ. ಪೋರ್ಟರ್ ಆ್ಯಕ್ರನ್‌ನಲ್ಲಿದ್ದದ್ದು ಏಳು ಸೀಸನ್. ಎಂಬಿಕ್ ಆ ಲೆಕ್ಕವನ್ನು ಎಂದೋ ದಾಟಿದರು. ಅವರ ಹುಡುಗರು ಚೆನ್ನಾಗಿ ಆಡಿದ ವರ್ಷ ಗ್ಯಾಲರಿಯಲ್ಲಿ ಯಾರಾದರೂ ಒಬ್ಬರು, 'ಇವರಿಗೂ ಎಲ್ಲಿಂದಲೋ ಕರೆ ಬಂದಿರಬೇಕು' ಅಂತ ಪಿಸುಗುಡದೇ ಇರುತ್ತಾರಾ, ನೀವೇ ಹೇಳಿ.

ನಮಸ್ಕಾರ.