ಮನೆಯ ಲಿನಕ್ಸ್ ಕಂಪ್ಯೂಟರಿಗೆ ಎಂಥ ರೇಡ್?

ಸ್ನೇಹಿತರೇ,

ರೇಡ್ (RAID) ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ ವ್ಯವಸ್ಥೆ; ಅವುಗಳನ್ನು ಸೇರಿಸುವ ಒಂದೊಂದು ಬಗೆಯೂ ಒಂದೊಂದು ‘ಲೆವೆಲ್’. ರೇಡ್ ಹಾಕಿಕೊಳ್ಳಬೇಕೆನ್ನುವವರು ಮೊದಲು ಕೇಳುವುದು ‘ಯಾವ ಲೆವೆಲ್?’ ಎಂದು. ಡಿಸ್ಕ್ ಕೆಟ್ಟ ದಿನ ನೀವು ಏನು ಮಾಡಬೇಕಾಗುತ್ತದೆ ಎಂಬುದನ್ನು ಮೊದಲು ಯೋಚಿಸಿ. ಲೆವೆಲ್ ಆಮೇಲೆ ತಾನಾಗಿಯೇ ಗೊತ್ತಾಗುತ್ತದೆ.

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಈ ಹೆಸರನ್ನು ಮುಂದಿಟ್ಟಾಗ ಅದರೊಳಗಿನ ‘ಐ’ ಅಕ್ಷರಕ್ಕೆ ‘ಅಗ್ಗದ’ ಎಂಬ ಅರ್ಥವಿತ್ತು. ಒಂದು ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದ ಡಿಸ್ಕುಗಳು. ಡಿಸ್ಕುಗಳು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಆದ್ದರಿಂದ ಹೆಚ್ಚುವರಿ ಮಾಹಿತಿಯನ್ನೂ ಬರೆದಿಡಬೇಕು. ರೇಡ್ 0ರಲ್ಲಿ ಅದು ಇಲ್ಲವೇ ಇಲ್ಲ. ಮಕ್ಕಳ ಫೋಟೋಗಳನ್ನು ಅದರಲ್ಲಿಡಬೇಡಿ.

ಹೆಚ್ಚಿನವರು ಆಸೆಪಡುವುದು ರೇಡ್ 5ಕ್ಕೆ. 4 ಟಿಬಿಯ ಮೂರು ಡಿಸ್ಕುಗಳಲ್ಲಿ 8 ಟಿಬಿ ಜಾಗ ಸಿಗುತ್ತದೆ, ಒಂದು ಕೆಟ್ಟರೂ ಮಾಹಿತಿ ಉಳಿಯುತ್ತದೆ. ಆದರೆ ಕೆಟ್ಟದ್ದರ ಜಾಗಕ್ಕೆ ಹೊಸದನ್ನು ಹಾಕಿದಾಗ ಉಳಿದೆರಡನ್ನೂ ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಓದಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸವಿದು, ಅವೂ ಅಷ್ಟೇ ಹಳೆಯವು. ಎರಡು ಡಿಸ್ಕುಗಳಲ್ಲೂ ಒಂದೇ ಮಾಹಿತಿಯನ್ನು ಬರೆಯುವ, ಕನ್ನಡಿಯಂತಿರುವ ರೇಡ್ 1ರಲ್ಲಿ ಓದಬೇಕಾದದ್ದು ಒಂದೇ ಡಿಸ್ಕ್. ಅದನ್ನು ಬಿಚ್ಚಿ ಬೇರೆ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಕಡತಗಳು ಸಿಗುತ್ತವೆ. ಜಾಗ ಅರ್ಧವಾಗುತ್ತದೆ, ನಿಜ. ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಮದರ್‌ಬೋರ್ಡಿನ ರೇಡ್ ಸೌಲಭ್ಯವನ್ನು ಮುಟ್ಟಬೇಡಿ. ಲಿನಕ್ಸ್ ಕರ್ನೆಲ್‌ನಲ್ಲೇ ಆ ಕೆಲಸಕ್ಕೆ ಎಂಡಿ (md) ಎಂಬ ಭಾಗ ಇದೆ. ಅದನ್ನು ನಡೆಸಲು ನೀಲ್ ಬ್ರೌನ್ ಬರೆದ ಎಂಡಿಎಡಿಎಂ (mdadm) ಎಂಬ ತಂತ್ರಾಂಶ ಇದೆ. ಜೋಡಿಯ ವಿವರ ಡಿಸ್ಕಿನ ಮೇಲೆಯೇ ಇರುವುದರಿಂದ ಬೋರ್ಡ್ ಸುಟ್ಟುಹೋದರೂ ಹೊಸ ಯಂತ್ರ ಅದನ್ನು ಗುರುತಿಸುತ್ತದೆ.

ಬೇರೆ ಬೇರೆ ಕಂಪನಿಯ ಎರಡು ಡಿಸ್ಕ್ ಕೊಳ್ಳಿ. ಪಾರ್ಟಿಷನ್ ಮಾಡುವಾಗ ಕೊನೆಯಲ್ಲಿ ನೂರಿನ್ನೂರು ಎಂಬಿ ಬಿಡಿ, ನಾಳೆ ತರುವ ಡಿಸ್ಕ್ ಕೂದಲೆಳೆಯಷ್ಟು ಚಿಕ್ಕದಿದ್ದರೂ ಹೊಂದುತ್ತದೆ. ಜೋಡಿ ಮಾಡಿದ ಮೇಲೆ ವಿವರವನ್ನು ಎಂಡಿಎಡಿಎಂನ ಸಂರಚನಾ ಕಡತಕ್ಕೆ ಬರೆದು, ನಿಮ್ಮ ಲಿನಕ್ಸ್ ಡೆಬಿಯನ್ ಅಥವಾ ಉಬುಂಟು ಆದರೆ ಯಂತ್ರ ಶುರುವಾಗುವಾಗ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಅನ್ನೂ ನವೀಕರಿಸಿ; ಇಲ್ಲದಿದ್ದರೆ ಜೋಡಿಗೆ ಎಂಡಿ0 ಎಂದಿಟ್ಟ ಹೆಸರು ಮರುದಿನ ಎಂಡಿ127 ಆಗಿರಬಹುದು. ಪ್ರತಿ ಡಿಸ್ಕಿನ ಮೇಲೆ ಅದರ ಕ್ರಮಸಂಖ್ಯೆಯ ಚೀಟಿ ಅಂಟಿಸಿ. ಎಸ್‌ಡಿಎ, ಎಸ್‌ಡಿಬಿ ಎಂದು ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳು ಅದಲುಬದಲಾಗುತ್ತವೆ. ಕೆಟ್ಟದ್ದೆಂದು ಚೆನ್ನಾಗಿರುವುದನ್ನು ಕಿತ್ತವರನ್ನು ನಾನು ನೋಡಿದ್ದೇನೆ.

ಎಚ್ಚರಿಕೆಯ ಇಮೇಲ್ ಬರುವ ವ್ಯವಸ್ಥೆಯನ್ನು ಅದೇ ದಿನ ಮಾಡಿ. ನಾನು ಮಾಡಿರಲಿಲ್ಲ. ಒಂದು ಡಿಸ್ಕ್ ಸದ್ದಿಲ್ಲದೆ ನಿಂತು, ನನ್ನ ಜೋಡಿ ತಿಂಗಳುಗಟ್ಟಲೆ ಒಂಟಿಕಾಲಿನಲ್ಲಿ ನಡೆದಿತ್ತು. ಜೋಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ (mdstat) ಕಡತದಲ್ಲಿ, ಕೆಲಸ ಮಾಡುತ್ತಿರುವ ಪ್ರತಿ ಡಿಸ್ಕಿಗೆ ಒಂದರಂತೆ ಎರಡು ‘ಯು’ ಇರಬೇಕಾದಲ್ಲಿ ಒಂದು ‘ಯು’, ಒಂದು ಅಡಿಗೆರೆ ಕಂಡಾಗ ಎದೆ ಧಸಕ್ಕೆಂದಿತು.

ಮತ್ತೊಂದು ಮಾತು. ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕುಗಳಿಂದ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ಆದ್ದರಿಂದ ಬ್ಯಾಕಪ್ಪಿಗೆ ಮೂರನೆಯ ಡಿಸ್ಕ್ ಬೇಕು. ಅದು ಯಂತ್ರದಿಂದ ಹೊರಗೆ, ಸಾಧ್ಯವಾದರೆ ಬೇರೆ ಮನೆಯಲ್ಲಿರಲಿ.

ಒಂದು ಫೋಟೋವನ್ನೂ ತುಂಬುವ ಮೊದಲು ತಾಲೀಮು ಮಾಡಿ. ಒಂದು ಡಿಸ್ಕನ್ನು ಬೇಕೆಂದೇ ‘ಕೆಟ್ಟಿದೆ’ ಎಂದು ಗುರುತಿಸಿ, ತೆಗೆಯಿರಿ, ಇಮೇಲ್ ಬಂದಿತೇ ನೋಡಿ, ಮತ್ತೆ ಸೇರಿಸಿ. ಅಡಿಗೆರೆ ಇದ್ದಲ್ಲಿ ‘ಯು’ ಮರಳುವವರೆಗೆ ಕಾಯಿರಿ.